ಇಬ್ಬರ ಜಾಮೀನು: ಸಂಘ ಕಟ್ಟಲಾಗದ ಪೊಲೀಸರು ಒಬ್ಬರಿಗೊಬ್ಬರು ಹೇಗೆ ಆಗುತ್ತಾರೆ

ಪೊಲೀಸ್ ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಸಾಲ ಬೇಕೆಂದರೆ ಜಾಮೀನು ಬೇಕು. ನಮ್ಮ ಜಿಲ್ಲೆಯ ಸಂಘದಲ್ಲಿ ಇಬ್ಬರ ಸಹಿ ಕೇಳುತ್ತಿದ್ದರು, ಆ ಇಬ್ಬರೂ ಇಲಾಖೆಯವರೇ ಆಗಿರಬೇಕು. ಅಪ್ಪ ಕಾನ್‌ಸ್ಟೆಬಲ್ ಆಗಿದ್ದ ಕಾಲ. ರಾತ್ರಿ ಪಾಳಿ ಮುಗಿಸಿ ಬಂದು ಇನ್ನೂ ಬೆಲ್ಟ್ ಬಿಚ್ಚಿರುತ್ತಿರಲಿಲ್ಲ, ಅಷ್ಟರಲ್ಲಿ ಯಾರೋ ಒಬ್ಬರು ಫಾರಂ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. "ಅಣ್ಣಾ, ಮಗಳ ಮದುವೆ. ಒಂದು ಸಹಿ." ಅಪ್ಪ ಓದದೇ ಸಹಿ ಹಾಕುತ್ತಿದ್ದರು. ಒಳಗೆ ಅಮ್ಮ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದಳು.

ಅಮ್ಮನ ಸಿಟ್ಟಿಗೂ ಕಾರಣವಿತ್ತು. ಸಾಲ ತೆಗೆದವರು ಕಂತು ಕಟ್ಟದಿದ್ದರೆ ಜಾಮೀನು ಹಾಕಿದವರ ಸಂಬಳದಲ್ಲಿ ಹಿಡಿಯುತ್ತಾರೆ. ಒಂದು ಸಲ ಹಾಗೇ ಆಯಿತು. ಅಪ್ಪನ ಬ್ಯಾಚಿನವರೊಬ್ಬರು ಬೈಕ್ ಅಪಘಾತದಲ್ಲಿ ತೀರಿಕೊಂಡರು. ಸಾಲ ಹಾಗೇ ಉಳಿದಿತ್ತು. ಅವರ ಮನೆಗೆ ಬರಬೇಕಾದ ಹಣ ಬಂದು ಲೆಕ್ಕ ಚುಕ್ತಾ ಆಗುವ ತನಕ, ಏಳೆಂಟು ತಿಂಗಳು, ಅಪ್ಪನ ಸಂಬಳದಲ್ಲಿ ಕಡಿತವಾಯಿತು. ಅಪ್ಪ ಅದನ್ನು ಆ ಮನೆಯವರಿಗೆ ಹೇಳಲೇ ಇಲ್ಲ. ನಮಗೂ ಗೊತ್ತಾಗಿದ್ದು ಆ ವರ್ಷ ಯುಗಾದಿಗೆ ಹೊಸ ಬಟ್ಟೆ ಬರದಿದ್ದಾಗ.

ಪೊಲೀಸರ ಒಗ್ಗಟ್ಟು ಅಂದಕೂಡಲೇ ಹೊರಗಿನವರಿಗೆ ಎರಡು ಚಿತ್ರ ನೆನಪಾಗುತ್ತವೆ. ಒಂದು ಹುತಾತ್ಮರ ದಿನದ ಪರೇಡು, ಬ್ಯೂಗಲ್ಲು, ಹೂಗುಚ್ಛ. ಇನ್ನೊಂದು, ತಪ್ಪು ಮಾಡಿದವನನ್ನು ಉಳಿದವರೆಲ್ಲ ಸೇರಿ ಕಾಪಾಡುವುದು. ಎರಡೂ ನಿಜವೇ. ಆದರೆ ಇವುಗಳ ನಡುವೆ ಹೆಸರಿಲ್ಲದ, ಬೋರ್ಡಿಲ್ಲದ ಒಂದು ವ್ಯವಸ್ಥೆ ದಿನಾ ನಡೆಯುತ್ತಿರುತ್ತದೆ. ಕ್ವಾರ್ಟರ್ಸಿನಲ್ಲಿ ಬೆಳೆದ ಯಾರಿಗಾದರೂ ಅದು ಗೊತ್ತು. ಅದು ಯಾಕೆ ಹೀಗೆ ಬೆಳೆಯಿತು, ಎಲ್ಲಿ ಗಟ್ಟಿಯಿದೆ, ಎಲ್ಲಿ ಹರಿದಿದೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಸಂಘ ಯಾಕಿಲ್ಲ

ಸಾರಿಗೆ ನೌಕರರಿಗೆ ಯೂನಿಯನ್ ಇದೆ. ಶಿಕ್ಷಕರಿಗೆ ಸಂಘವಿದೆ. ಠಾಣೆಯ ಪೇದೆಗೆ ಇಲ್ಲ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಆದರೆ ಸೇನೆ, ಪೊಲೀಸ್‌ನಂಥ ಪಡೆಗಳ ಮಟ್ಟಿಗೆ ಆ ಹಕ್ಕನ್ನು ಸಂಸತ್ತು ಮೊಟಕು ಮಾಡಬಹುದು ಅಂತ 33ನೇ ವಿಧಿ ಹೇಳುತ್ತದೆ. ಅದರ ಬಲದ ಮೇಲೆ 1966ರಲ್ಲಿ ಪೊಲೀಸ್ ಪಡೆಗಳ ಹಕ್ಕುಗಳ ನಿರ್ಬಂಧ ಕಾಯ್ದೆ ಬಂತು. ಅನುಮತಿ ಇಲ್ಲದೆ ಯಾವ ಕಾರ್ಮಿಕ ಸಂಘಕ್ಕೂ ಪೊಲೀಸರು ಸೇರುವಂತಿಲ್ಲ. ಮೀರಿದರೆ ಎರಡು ವರ್ಷದ ತನಕ ಜೈಲು. ಬರೀ ಸಾಮಾಜಿಕ, ಮನರಂಜನೆಯ ಅಥವಾ ಧಾರ್ಮಿಕ ಸ್ವರೂಪದ ಸಂಘಗಳಿಗೆ ಮಾತ್ರ ಈ ಅಡ್ಡಿ ಇಲ್ಲ. ಅಂದರೆ ಕ್ರಿಕೆಟ್ ತಂಡ ಕಟ್ಟಬಹುದು, ಭಜನಾ ಮಂಡಳಿ ಕಟ್ಟಬಹುದು, ಗಣಪತಿ ಕೂರಿಸಬಹುದು. ಸಂಬಳ, ರಜೆ ಅಂತ ಬಾಯಿಬಿಟ್ಟು ಕೇಳುವ ಸಂಘ ಮಾತ್ರ ಕಷ್ಟ. ಐಪಿಎಸ್ ಅಧಿಕಾರಿಗಳಿಗೆ ಅವರದೇ ಸಂಘವಿದೆ. ಆ ಮಾತನ್ನು ಇಲ್ಲಿಗೇ ಬಿಡೋಣ.

ಈ ಕಟ್ಟುಪಾಡಿನ ಹಿಂದೆ ಸರ್ಕಾರದ ಹೆದರಿಕೆಯೂ ಇದೆ. ಬಂದೂಕು ಹಿಡಿದವರು ಮುಷ್ಕರ ಹೂಡಿದರೆ ಏನು ಗತಿ? 1979ರಲ್ಲಿ ಪಂಜಾಬಿನಲ್ಲಿ ಶುರುವಾದ ಪೊಲೀಸರ ಚಳವಳಿ ಬೇರೆ ರಾಜ್ಯಗಳಿಗೂ ಹಬ್ಬಿತ್ತು. ಕೇಂದ್ರದ ಪಡೆಗಳಿಗೂ ತಾಕಿ, ಕೊನೆಗೆ ಸೈನ್ಯ ಕರೆಸಬೇಕಾಯಿತು. ಅದೇ ವರ್ಷ ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ ತನ್ನ ಮೊದಲ ವರದಿ ಕೊಟ್ಟಿತು. ಪೇದೆಗಳ ಕಷ್ಟ ಕೇಳಲು ಇಲಾಖೆಯೊಳಗೇ ಒಂದು ದಾರಿ ಇರಬೇಕು ಅನ್ನುವುದು ಅದರ ಮುಖ್ಯ ಮಾತುಗಳಲ್ಲೊಂದು. ಪಕ್ಕದ ಕೇರಳದಲ್ಲಿ ಪೊಲೀಸರಿಗೆ ಮಾನ್ಯತೆ ಇರುವ ಸಂಘಗಳಿವೆ, ಅವುಗಳಿಗೆ ಚುನಾವಣೆಯೂ ನಡೆಯುತ್ತದೆ. ಆಕಾಶವೇನೂ ಕಳಚಿ ಬಿದ್ದಿಲ್ಲ.

ನಮ್ಮ ಕರ್ನಾಟಕದಲ್ಲಿ 2016ರ ಜೂನ್ 4ರಂದು ಪೊಲೀಸರೆಲ್ಲ ಸಾಮೂಹಿಕ ರಜೆ ಹಾಕುವ ಕರೆ ಬಂದಿತ್ತು, ನೆನಪಿದೆಯಾ? ವಾರದ ರಜೆ, ಸಂಬಳ, ಮೇಲಧಿಕಾರಿಗಳ ಕಿರುಕುಳ ಇವೇ ಬೇಡಿಕೆ. ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ಜಾರಿಯ ಎಚ್ಚರಿಕೆ ಬಂತು, ಕರೆ ಕೊಟ್ಟ ಮುಖಂಡರ ಮೇಲೆ ರಾಜದ್ರೋಹದ ಕೇಸು ಬಿತ್ತು, ಬಂಧನವಾಯಿತು. ಆ ದಿನ ಹೆಚ್ಚಿನವರು ಡ್ಯೂಟಿಗೆ ಬಂದರು. ಆದರೆ ಸುಮ್ನೆ ಹೋಗಲಿಲ್ಲ ಅದು. ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ನೇತೃತ್ವದ ಸಮಿತಿ ಸಂಬಳದ ಬಗ್ಗೆ ಅದೇ ವರ್ಷ ವರದಿ ಕೊಟ್ಟಿತು. 2019ರಲ್ಲಿ ಅದರ ಒಂದಷ್ಟು ಭಾಗ ಜಾರಿಗೂ ಬಂತು.

ಬಹಿರಂಗವಾಗಿ ಸೇರಲು ಬಿಡದಿದ್ದರೆ ಜನ ಬೇರೆ ದಾರಿಯಲ್ಲಿ ಸೇರುತ್ತಾರೆ. ಪೊಲೀಸರಲ್ಲಿ ಆ ದಾರಿಗಳು ಮುಖ್ಯವಾಗಿ ಎರಡು. ಒಂದು ಬ್ಯಾಚು, ಇನ್ನೊಂದು ಲೈನು.

ಬ್ಯಾಚು ಮತ್ತು ಲೈನು

ಚನ್ನಪಟ್ಟಣದಲ್ಲೋ ಖಾನಾಪುರದಲ್ಲೋ ಕಲಬುರಗಿಯ ನಾಗನಹಳ್ಳಿಯಲ್ಲೋ ಒಟ್ಟಿಗೆ ತರಬೇತಿ ಮುಗಿಸಿದವರು ಒಂದು ಬ್ಯಾಚು. ಬೆಳಗಿನ ಜಾವ ಎದ್ದು ಒಂದೇ ಮೈದಾನದಲ್ಲಿ ಬೈಸಿಕೊಂಡವರ ನಂಟು ಅದು. ಆಮೇಲೆ ಒಬ್ಬ ಟ್ರಾಫಿಕ್ಕಿಗೆ ಹೋಗುತ್ತಾನೆ, ಒಬ್ಬ ಗ್ರಾಮಾಂತರ ಠಾಣೆಗೆ, ಇನ್ನೊಬ್ಬ ಎಸ್‌ಪಿ ಆಫೀಸಿನ ಟಪಾಲು ಶಾಖೆಗೆ. ಹೀಗೆ ಚದುರಿರುವುದೇ ಬ್ಯಾಚಿನ ಬಲ. ಯಾವ ಕಚೇರಿಯಲ್ಲಿ ಕೆಲಸ ನಿಂತರೂ ಅಲ್ಲಿ ನಮ್ಮವನೊಬ್ಬ ಇರುತ್ತಾನೆ. ಈಗ ಪ್ರತಿ ಬ್ಯಾಚಿಗೂ ವಾಟ್ಸ್ಆ್ಯಪ್ ಗ್ರೂಪ್ ಇದೆ. ಅಲ್ಲಿ ದಿನವಿಡೀ ಗುಡ್ ಮಾರ್ನಿಂಗ್ ಚಿತ್ರಗಳು, ವರ್ಗಾವಣೆಯ ಗಾಳಿಸುದ್ದಿ. ಯಾರಿಗಾದರೂ ಕ್ಯಾನ್ಸರ್ ಬಂತು, ಯಾರೋ ಹೋಗಿಬಿಟ್ಟರು ಅಂದರೆ ಮಾತ್ರ ಗ್ರೂಪಿನ ಧಾಟಿಯೇ ಬದಲಾಗುತ್ತದೆ. ಒಬ್ಬರು ಖಾತೆ ನಂಬರು ಹಾಕುತ್ತಾರೆ. ಐನೂರು, ಸಾವಿರ ಅಂತ ಬೀಳತೊಡಗುತ್ತದೆ. ಸಂಜೆಗೆ ಯಾರೋ ಹೆಸರು ಸಮೇತ ಪಟ್ಟಿ ಹಾಕುತ್ತಾರೆ. ಕೊಡದವರಿಗೆ ಆ ಪಟ್ಟಿಯೇ ನೋಟಿಸು.

ಲೈನು ಅಂದರೆ ಕ್ವಾರ್ಟರ್ಸು. ರಾಜ್ಯದಲ್ಲಿ ಪೊಲೀಸ್ ಮನೆಗಳನ್ನು ಕಟ್ಟಲೆಂದೇ 1985ರಲ್ಲಿ ಪೊಲೀಸ್ ವಸತಿ ನಿಗಮ ಶುರುವಾಯಿತು. ಅದಕ್ಕೂ ಮುಂಚಿನ ಹಂಚಿನ ಸಾಲುಮನೆಗಳಲ್ಲಿ ನಾನು ಬೆಳೆದದ್ದು. ಗೋಡೆ ಎಷ್ಟು ತೆಳುವಿತ್ತೆಂದರೆ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೂ ನಮಗೆ ಲೆಕ್ಕ. ಗಣಪತಿ ಬಿಡುವ ದಿನ ಗಂಡಸರೆಲ್ಲ ಬಂದೋಬಸ್ತಿಗೆ. ಎರಡು ದಿನ ಮನೆ ಕಡೆ ಮುಖ ಹಾಕುತ್ತಿರಲಿಲ್ಲ. ಆಗ ಇಡೀ ಸಾಲನ್ನು ನಡೆಸುತ್ತಿದ್ದದ್ದು ಹೆಂಗಸರು. ಒಂದು ಮನೆಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು, ಮಕ್ಕಳೆಲ್ಲ ಒಂದೇ ಜಗುಲಿಯಲ್ಲಿ ಊಟಕ್ಕೆ. ರಾತ್ರಿ ಮಗುವಿಗೆ ಜ್ವರ ಬಂದರೆ ಗಂಡನಿಗೆ ಫೋನು ಮಾಡುವವರಿಲ್ಲ, ಮಾಡಿದರೂ ಬರುವುದಕ್ಕಾಗುವುದಿಲ್ಲ. ಪಕ್ಕದ ಮನೆ ಅಕ್ಕನೇ ಆಟೋ ಕರೆದು ಜೊತೆಗೆ ಹತ್ತುತ್ತಿದ್ದಳು.

ಇದೇನು ಬರೀ ನೆನಪಿನ ಮಾತಲ್ಲ. 2019ರಲ್ಲಿ ಕಾಮನ್ ಕಾಸ್ ಅನ್ನುವ ಸ್ವಯಂಸೇವಾ ಸಂಸ್ಥೆ ಮತ್ತು ಲೋಕನೀತಿ-ಸಿಎಸ್‌ಡಿಎಸ್ ಅನ್ನುವ ಸಂಶೋಧನಾ ಸಂಸ್ಥೆ ಸೇರಿ ದೇಶದ 21 ರಾಜ್ಯಗಳಲ್ಲಿ ಪೊಲೀಸರ ಸ್ಥಿತಿಗತಿಯ ಸಮೀಕ್ಷೆ ಮಾಡಿದವು. ಸುಮಾರು 12 ಸಾವಿರ ಪೊಲೀಸರನ್ನು ಮಾತಾಡಿಸಿದರು. ಅವರ ಮನೆಯವರಲ್ಲೂ 10 ಸಾವಿರಕ್ಕೂ ಜಾಸ್ತಿ ಮಂದಿಯನ್ನು ಕೇಳಿದರು. ದಿನಕ್ಕೆ ಸರಾಸರಿ 14 ತಾಸು ಕೆಲಸ ಅನ್ನುವುದು ಅದರಲ್ಲಿ ಬಂದ ಉತ್ತರ. ಹದಿನಾಲ್ಕು ತಾಸು ಹೊರಗಿರುವವನ ಮನೆಯನ್ನು ಮತ್ತೊಬ್ಬರು ನಡೆಸಲೇಬೇಕು. ಪೊಲೀಸರ ಹೆಂಡತಿಯರು ಸಂಬಳವಿಲ್ಲದೆ ಇಲಾಖೆಗೆ ದುಡಿಯುತ್ತಾರೆ ಅಂತ ಅಮ್ಮ ಹೇಳುತ್ತಿದ್ದುದು ತಮಾಷೆಯಾಗಿಯೇ, ಆದರೆ ನಗದೆ.

ಸತ್ತಾಗ ಏನಾಗುತ್ತದೆ

ಈ ಇಡೀ ವ್ಯವಸ್ಥೆಯ ನಿಜವಾದ ಪರೀಕ್ಷೆ ಒಬ್ಬರು ಸತ್ತಾಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೊರಗಿನವರಿರಲಿ, ಪೊಲೀಸ್ ಮನೆಯವರಿಗೇ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ.

1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನಾ ಸೈನಿಕರ ಗುಂಡಿಗೆ 10 ಮಂದಿ ಪೊಲೀಸರು ಬಲಿಯಾದರು. ಆ ನೆನಪಿಗೆ ದೇಶದಾದ್ಯಂತ ಪ್ರತಿ ಅಕ್ಟೋಬರ್ 21ಕ್ಕೆ ಹುತಾತ್ಮರ ದಿನ. ಆ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರನ್ನು ಒಂದೊಂದಾಗಿ ಓದುತ್ತಾರೆ. ಆದರೆ ಪೊಲೀಸರು ಸಾಯುವುದು ಹೆಚ್ಚಾಗಿ ಗುಂಡೇಟಿನಿಂದಲ್ಲ. ಹೃದಯ ನಿಂತು ಸಾಯುತ್ತಾರೆ, ರಸ್ತೆಯಲ್ಲಿ ಸಾಯುತ್ತಾರೆ, ನೇಣು ಹಾಕಿಕೊಂಡೂ ಸಾಯುತ್ತಾರೆ. ಕಾಗದದ ಮೇಲೆ ಈ ಸಾವುಗಳೆಲ್ಲ ಒಂದೇ ಅಲ್ಲ. ಕಾರ್ಯಾಚರಣೆಯಲ್ಲಿ ಸತ್ತರೆ ಒಂದು ಪರಿಹಾರ, ಡ್ಯೂಟಿಯಲ್ಲಿದ್ದಾಗ ಅಪಘಾತವಾದರೆ ಇನ್ನೊಂದು, ಸೇವೆಯಲ್ಲಿದ್ದು ಕಾಯಿಲೆಯಿಂದ ಹೋದರೆ ಮತ್ತೊಂದು. ಡ್ಯೂಟಿ ಮುಗಿಸಿ ಮನೆಗೆ ಬರುವಾಗ ಬೈಕ್ ಜಾರಿದರೆ ಅದು ಯಾವ ಲೆಕ್ಕ? ಅದಕ್ಕೆ ಠಾಣೆಯ ಡೈರಿಯಲ್ಲಿ ಎಷ್ಟು ಗಂಟೆಗೆ ಏನು ಬರೆದಿದೆ ಅನ್ನುವುದೇ ಆಧಾರ.

ಒಂದು ಸಾವಿನ ಹಿಂದೆ ಎಷ್ಟು ಕಡತಗಳು ಏಳುತ್ತವೆ ನೋಡಿ. ಮೊದಲನೆಯದು ಕೆಜಿಐಡಿ. ರಾಜ್ಯ ಸರ್ಕಾರಿ ನೌಕರರಿಗೆ ಕಡ್ಡಾಯವಾದ ಜೀವವಿಮೆ ಇದು. 1891ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ್ದು. ಇದರಲ್ಲಿ ಮಾಮೂಲಿ ತೊಡಕೊಂದಿದೆ. ಹುಡುಗ ಇಪ್ಪತ್ತೆರಡು ವರ್ಷಕ್ಕೆ ಕೆಲಸಕ್ಕೆ ಸೇರುತ್ತಾನೆ, ನಾಮಿನಿ ಅಂತ ತಾಯಿಯ ಹೆಸರು ಬರೆಯುತ್ತಾನೆ. ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಫಾರಂ ಬದಲಾಯಿಸುವುದಿಲ್ಲ. ಅವನು ಹೋದ ಮೇಲೆ ಅತ್ತೆ-ಸೊಸೆ ಒಂದೇ ಕಡತದ ಎರಡು ಬದಿಗೆ ನಿಲ್ಲುತ್ತಾರೆ. ಎರಡನೆಯದು ಸಂಬಳದ ಖಾತೆಯ ಜೊತೆ ಬರುವ ಅಪಘಾತ ವಿಮೆ. ಬ್ಯಾಂಕಿಗೆ ಹೋಗಿ ಕೇಳಬೇಕು ಅನ್ನುವುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಆಮೇಲೆ ಕುಟುಂಬ ಪಿಂಚಣಿ, ಗುಂಪು ವಿಮೆ, ಗಳಿಕೆ ರಜೆಯ ಹಣ, ಕಲ್ಯಾಣ ನಿಧಿಯ ನೆರವು. ಇದ್ದಾಗ ಪೊಲೀಸರ ಚಿಕಿತ್ಸೆಗಿರುವ ಆರೋಗ್ಯಭಾಗ್ಯ ಯೋಜನೆಯಲ್ಲಿ ಆಸ್ಪತ್ರೆಗೆ ಸೇರಿಸಿದ್ದರೆ ಅದರ ಬಾಕಿ ಕಾಗದಗಳು. 2006ರ ಏಪ್ರಿಲ್‌ನಿಂದ ಈಚೆಗೆ ಕೆಲಸಕ್ಕೆ ಸೇರಿದವರಾದರೆ ಹೊಸ ಪಿಂಚಣಿ ಪದ್ಧತಿಯಾದ ಎನ್‌ಪಿಎಸ್ ಲೆಕ್ಕ ಬೇರೆ.

ಕೊನೆಯದು ಅನುಕಂಪದ ನೌಕರಿ. 1996ರ ನಿಯಮದ ಪ್ರಕಾರ ಸಾವಾದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಮೊದಲು ಮದುವೆಯಾದ ಮಗಳಿಗೆ ಈ ಅವಕಾಶವೇ ಇರಲಿಲ್ಲ. 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಇದು ತಾರತಮ್ಯ ಅಂತ ಹೇಳಿತು. ಮರುವರ್ಷ ನಿಯಮ ತಿದ್ದುಪಡಿಯಾಯಿತು. ಒಂದು ವರ್ಷ ಅನ್ನುವುದು ಕೇಳಲು ಜಾಸ್ತಿ ಅನಿಸಬಹುದು. ಅಳು ನಿಲ್ಲಲು ಮೂರು ತಿಂಗಳು, ಊರಿನ ಜಮೀನಿನ ಜಗಳಕ್ಕೆ ಮೂರು ತಿಂಗಳು, ಯಾರು ಕೆಲಸಕ್ಕೆ ಸೇರಬೇಕು ಅನ್ನುವ ಮನೆಯೊಳಗಿನ ಪಂಚಾಯ್ತಿಗೆ ಇನ್ನೊಂದಷ್ಟು. ವರ್ಷ ಕಳೆದೇ ಹೋಗುತ್ತದೆ.

ಇಷ್ಟೆಲ್ಲ ಯೋಜನೆ ಇದ್ದೂ ಹೆಣ್ಣುಮಗಳೊಬ್ಬಳು ಅಲೆಯುವುದು ಯಾಕೆ ಅಂದರೆ, ಯಾವ ಹಣವೂ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಕಡತವನ್ನು ಯಾರಾದರೂ ಹೊತ್ತು ನಡೆಯಬೇಕು. ಪೊಲೀಸರಲ್ಲಿ ಒಬ್ಬರಿಗೊಬ್ಬರು ಆಗುವುದು ಅಂದರೆ ನನ್ನ ಮಟ್ಟಿಗೆ ಇದೇ. ಪಟ್ಟಿ ಹಾಕಿ ಎತ್ತಿದ ದುಡ್ಡು ತಿಥಿ ಕಳೆಯುವಷ್ಟರಲ್ಲಿ ಮುಗಿದಿರುತ್ತದೆ. ಕಡತದ ಕೆಲಸ ಎರಡು ವರ್ಷದ್ದು.

ಅಪ್ಪನ ಬ್ಯಾಚಿನ ಆ ಗೆಳೆಯ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ನಾನಿದನ್ನು ಹತ್ತಿರದಿಂದ ನೋಡಿದೆ. ನಮ್ಮ ಮನೆಯ ಮೊಳೆಗೆ ಒಂದು ಹಳದಿ ಪ್ಲಾಸ್ಟಿಕ್ ಕವರು ನೇತಾಡುತ್ತಿತ್ತು. ಅದರೊಳಗೆ ಮರಣ ಪ್ರಮಾಣಪತ್ರದ ಹತ್ತು ನಕಲು, ವಂಶವೃಕ್ಷ, ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ. ಅಡ್ಡಿಯಾಗಿದ್ದು ಒಂದು ಹೆಸರು. ಸೇವಾ ಪುಸ್ತಕದಲ್ಲಿ ಹೆಂಡತಿಯ ಹೆಸರು ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಮದುವೆಯಲ್ಲಿ ಗಂಡನ ಮನೆಯವರು ಹೆಸರು ಬದಲಾಯಿಸಿದ್ದರು, ಅಷ್ಟೇ. ಕೇಸ್ ವರ್ಕರ್ ಕಡತ ವಾಪಸ್ ಕಳಿಸಿದರು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಬೇಕಿತ್ತು. ಅಪ್ಪ ಮತ್ತು ಠಾಣೆಯ ಬರವಣಿಗೆ ಕೆಲಸ ನೋಡುವ ರೈಟರ್ ತಮ್ಮ ವಾರದ ರಜೆ ಬಂದಾಗೆಲ್ಲ ಆ ಕವರು ಹಿಡಿದು ಹೊರಡುತ್ತಿದ್ದರು. ಒಂದು ದಿನ ತಾಲ್ಲೂಕು ಕಚೇರಿ, ಇನ್ನೊಂದು ದಿನ ಖಜಾನೆ. "ಅತ್ತಿಗೆ, ನೀವು ಸಹಿ ಹಾಕೋಕೆ ಮಾತ್ರ ಬನ್ನಿ, ಉಳಿದದ್ದು ನಾವು ನೋಡ್ಕೋತೀವಿ" ಅನ್ನುತ್ತಿದ್ದರು. ಕೊನೆಗೆ ಗೆಳೆಯನ ಹೆಂಡತಿಗೆ ಗ್ರೂಪ್ ಡಿ ಕೆಲಸ ಸಿಕ್ಕಿತು, ಪಿಂಚಣಿಯೂ ಶುರುವಾಯಿತು.

ಅಷ್ಟರಲ್ಲಿ ಕ್ವಾರ್ಟರ್ಸ್ ಖಾಲಿ ಮಾಡುವ ಸಮಯ ಬಂದಿತ್ತು. ಸರ್ಕಾರದ ಮನೆ, ನೌಕರ ಹೋದ ಮೇಲೆ ಸ್ವಲ್ಪ ಕಾಲ ಬಿಟ್ಟು ಬಿಡಲೇಬೇಕು. ಕಾಯುತ್ತಿರುವ ಇನ್ನೊಬ್ಬ ಪೇದೆಯ ಸಂಸಾರವೂ ಇರುತ್ತದಲ್ವಾ? ನಿಯಮದಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಆಸರೆ ಬೇಕಾದ ಹೊತ್ತಿಗೇ ಆ ಸಾಲಿನಿಂದ, ಆ ಅಕ್ಕಂದಿರಿಂದ ದೂರ ಹೋಗಬೇಕು. ಅಮೆರಿಕದಲ್ಲಿ ಸತ್ತ ಪೊಲೀಸರ ಮನೆಯವರೇ ಸೇರಿ 1984ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಮೊದಲೇ ಗಂಡನನ್ನು ಕಳೆದುಕೊಂಡವಳು ಹೊಸದಾಗಿ ಕಳೆದುಕೊಂಡವಳ ಮನೆಗೆ ಹೋಗಿ ಕೂರುತ್ತಾಳೆ. ನಮ್ಮಲ್ಲಿ ಅಂಥದ್ದು ಅಲ್ಲೊಂದು ಇಲ್ಲೊಂದು ಸ್ನೇಹವಾಗಿ ಉಳಿದಿದೆ. ವ್ಯವಸ್ಥೆಯಾಗಿಲ್ಲ.

ಅದೇ ಗೋಡೆಯ ಇನ್ನೊಂದು ಬದಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಳ್ಳೆಯ ಮಾತು. ಆದರೆ ಜಾಮೀನಿಗೆ ಓದದೆ ಸಹಿ ಹಾಕುವ ಅಭ್ಯಾಸ ಸಾಲದ ಫಾರಂಗೆ ಮಾತ್ರ ನಿಲ್ಲುವುದಿಲ್ಲ. ಲಾಕಪ್ಪಿನಲ್ಲಿ ಯಾರಿಗೋ ಏಟು ಬಿದ್ದಿರುತ್ತದೆ. "ನಮ್ಮವನು, ಮಕ್ಕಳೊಂದಿಗ" ಅಂತ ಉಳಿದವರು ಒಂದೇ ಹೇಳಿಕೆ ಕೊಡುತ್ತಾರೆ. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ವಿಚಾರಿಸಿದರೆ ಆಗುವುದೇ ಇದು. ಅದಕ್ಕೇ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ರಾಜ್ಯದಲ್ಲೂ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಬೇಕು ಅಂತ ಹೇಳಿದ್ದು.

ಇನ್ನೊಂದು ವಿಷಯ ಲೈನಿನಲ್ಲಿ ಬೆಳೆದವರಿಗೆ ಮಾತ್ರ ಗೊತ್ತು. ಗೋಡೆ ತೆಳು ಅಂದೆನಲ್ಲ, ಕೇಳುತ್ತಿದ್ದದ್ದು ಕುಕ್ಕರಿನ ಸದ್ದು ಮಾತ್ರವಲ್ಲ. ಕುಡಿದು ಬಂದು ಹೆಂಡತಿಗೆ ಹೊಡೆಯುವ ಸದ್ದೂ ಕೇಳುತ್ತಿತ್ತು. ಆಕೆ ಯಾವ ಠಾಣೆಗೆ ಹೋಗಬೇಕು? ಅಲ್ಲಿ ಕೂತಿರುವವನು ಗಂಡನ ಬ್ಯಾಚಿನವನೇ. "ಅತ್ತಿಗೆ, ನಾವು ಬುದ್ಧಿ ಹೇಳ್ತೀವಿ, ಮನೆಗೆ ಹೋಗಿ" ಅಂತ ಕಳಿಸುತ್ತಿದ್ದರು. ಒಮ್ಮೊಮ್ಮೆ ನಿಜಕ್ಕೂ ಬುದ್ಧಿ ಹೇಳುತ್ತಿದ್ದರು. ಕಡತ ಹೊರುವಾಗ ಬಾಯ್ತುಂಬ ಕರೆದ 'ಅತ್ತಿಗೆ' ಅನ್ನುವ ಮಾತೇ ಇಲ್ಲಿ ಬಾಗಿಲು ಮುಚ್ಚುತ್ತಿತ್ತು.

ಕುಗ್ಗಿದವನ ವಿಷಯವೂ ಹೀಗೆಯೇ. ಸಾಲಕ್ಕೆ ಸಹಿ ಕೇಳಲು ನಾಚದವನು, ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ಹೇಳಲು ನಾಚುತ್ತಾನೆ. ಹೇಳಿದರೆ 'ಮೆಂಟಲ್' ಅಂತ ಅಡ್ಡಹೆಸರು ಬೀಳುತ್ತದೆ. ಕೌನ್ಸೆಲಿಂಗ್ ಅಂತ ಕಳಿಸಿದರೆ ಸರ್ವೀಸ್ ರಿಜಿಸ್ಟರಿಗೆ ಕಪ್ಪುಚುಕ್ಕೆ ಬೀಳುತ್ತದೇನೋ ಅನ್ನುವ ಭಯ. ಪಕ್ಕದಲ್ಲಿ ನಿಂತು ಪಾಳಿ ಮಾಡುವವನು "ಏನೋ, ಊಟ ಮಾಡಿದ್ಯಾ" ಅಂತ ಎರಡು ಸಲ ಕೇಳುವುದೇ ಎಷ್ಟೋ ಠಾಣೆಗಳಲ್ಲಿ ಈಗಲೂ ಇರುವ ಕೌನ್ಸೆಲಿಂಗ್.

ಮನೆಯವರು ಬಾಯಿಬಿಟ್ಟರೆ

ಗಂಡ ಮಾತಾಡಿದರೆ ಶಿಸ್ತುಕ್ರಮ. ಹೆಂಡತಿಗೆ 1966ರ ಆ ಕಾಯ್ದೆ ಅನ್ವಯಿಸುವುದಿಲ್ಲ. 2024ರ ಅಕ್ಟೋಬರಿನಲ್ಲಿ ತೆಲಂಗಾಣದ ವಿಶೇಷ ಪೊಲೀಸ್ ಬೆಟಾಲಿಯನ್ನಿನವರ ಹೆಂಡತಿಯರು ಮಕ್ಕಳನ್ನು ಎತ್ತಿಕೊಂಡು ರಸ್ತೆಗಿಳಿದರು. ಗಂಡಂದಿರನ್ನು ವರ್ಷಗಟ್ಟಲೆ ಊರಿಂದೂರಿಗೆ ಅಲೆಸಬೇಡಿ, ಉಳಿದ ಪೊಲೀಸರಿಗೆ ಇರುವ ನಿಯಮವನ್ನೇ ಇವರಿಗೂ ಹಾಕಿ ಅನ್ನುವುದು ಅವರ ಒತ್ತಾಯ. ಆಮೇಲೆ ಬೆಟಾಲಿಯನ್ನುಗಳ ಒಳಗೂ ಪ್ರತಿಭಟನೆ ಶುರುವಾಯಿತು. ಸರ್ಕಾರ 39 ಮಂದಿಯನ್ನು ಅಮಾನತು ಮಾಡಿತು, 10 ಮಂದಿಯನ್ನು ಕೆಲಸದಿಂದಲೇ ತೆಗೆಯಿತು. ಹೆಂಡತಿ ಕೂಗಿದರೆ ಗಂಡನ ಅನ್ನಕ್ಕೂ ಕುತ್ತು ಬರಬಹುದು ಅನ್ನುವ ಅಳುಕು ಅಲ್ಲಿಂದ ಪಕ್ಕದ ರಾಜ್ಯಗಳ ಲೈನುಗಳಿಗೂ ತಲುಪಿತು.

ಇಲಾಖೆ ತಾನೇ ಕಟ್ಟಿದ ದಾರಿಗಳೂ ಇವೆ. ನಮ್ಮ ರಾಜ್ಯದಲ್ಲಿ ಏಪ್ರಿಲ್ 2 ಪೊಲೀಸ್ ಧ್ವಜ ದಿನ. 1965ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದು ಆ ದಿನ. ಪುಟ್ಟ ಧ್ವಜಗಳನ್ನು ಮಾರಿ ಬಂದ ಹಣ ಪೊಲೀಸರ ಕಲ್ಯಾಣ ನಿಧಿಗೆ ಹೋಗುತ್ತದೆ, ನಿವೃತ್ತರಿಗೂ ಅದರಲ್ಲಿ ಪಾಲಿದೆ. ಆ ದಿನದ ಒಂದು ಪದ್ಧತಿ ನನಗೆ ತುಂಬಾ ಇಷ್ಟ. ಎಷ್ಟೋ ಜಿಲ್ಲೆಗಳಲ್ಲಿ ಪರೇಡಿನ ಮುಖ್ಯ ಅತಿಥಿ ಮಂತ್ರಿಯಲ್ಲ. ನಿವೃತ್ತ ಪೊಲೀಸ್ ಒಬ್ಬರು. ಇಡೀ ಸೇವೆಯಲ್ಲಿ ಸೆಲ್ಯೂಟ್ ಹೊಡೆದವರು ಆ ಒಂದು ಬೆಳಿಗ್ಗೆ ಎಸ್‌ಪಿಯ ಪಕ್ಕ ನಿಂತು ಸೆಲ್ಯೂಟ್ ತೆಗೆದುಕೊಳ್ಳುತ್ತಾರೆ.

ಅಪ್ಪನಿಗೆ ಆ ಕರೆ ಬಂದಿಲ್ಲ, ಬರಲಿ ಅಂತ ಅವರೂ ಕಾದಿಲ್ಲ. ಅವರ ಕ್ಯಾಲೆಂಡರಿನಲ್ಲಿ ಗುರುತು ಇರುವುದು ನವೆಂಬರಿಗೆ. ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡುವ ತಿಂಗಳು ಅದು. ಮೊದಲ ವಾರವೇ ಹಳೆಯ ಗೆಳೆಯನ ಮನೆಗೆ ಫೋನು ಹೋಗುತ್ತದೆ. "ಅತ್ತಿಗೆ, ಆಧಾರ್ ಕಾರ್ಡು, ಪಾಸ್‌ಬುಕ್ಕು ತಗೊಂಡು ಹತ್ತು ಗಂಟೆಗೆ ಬ್ಯಾಂಕ್ ಹತ್ರ ಬಂದುಬಿಡಿ." ಕಳೆದ ಸಲ ಅವರ ಹೆಬ್ಬೆರಳು ಮೆಷಿನ್ನಿನಲ್ಲಿ ಮೂರು ಸಲ ಬೀಳಲಿಲ್ಲ. ವರ್ಷಾನುಗಟ್ಟಲೆ ಕಚೇರಿಯ ನೆಲ ಒರೆಸಿದ ಕೈ. ಸೆರಗಿನಿಂದ ಒರೆಸಿಕೊಂಡು ಒತ್ತಿದರು, ನಾಲ್ಕನೇ ಸಲ ಬಿತ್ತು. ಅಲ್ಲಿಂದ ಎದುರಿನ ಹೋಟೆಲಿಗೆ ಹೋಗಿ ಇಬ್ಬರೂ ಕಾಫಿ ಕುಡಿದರಂತೆ. ಅಪ್ಪ ಜೇಬಿಗೆ ಕೈ ಹಾಕಿದರೆ ಅವರು ಬಿಡಲಿಲ್ಲ. ಬಿಲ್ಲು ಅವರೇ ಕೊಟ್ಟರು.